ಲೋಕದ ಸಭೆಗೆ ನಾಗಮಂಗಲದಲ್ಲಿ ಎತ್ತಿದ ಚೀಟಿ

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಶ್ರೀರಂಗಪಟ್ಟಣದ ಬಸ್ಸು ಹತ್ತಿ ಕೂತಾಗ ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ. ಪಕ್ಕದಲ್ಲಿದ್ದ ವಂಜಿರು ಎಂಬ ಮಹಿಳೆ ತಮ್ಮ ಪಾಸ್‌ಪೋರ್ಟು ಮುಂದೆ ಹಿಡಿದರು. ಅವನು ಅದನ್ನು ತಿರುಗಿಸಿ ನೋಡಿ, ಇವರದ್ದು ಯಾವ ಸ್ಟೇಟು ಎಂದು ನನ್ನನ್ನು ಕೇಳಿದ. ಕೀನ್ಯಾ ದೇಶದವರು ಎಂದೆ. ಹೊರಗಿನವರಿಗೆ ಫ್ರೀ ಇಲ್ಲ ಎಂದು ಹೇಳಿ ದುಡ್ಡು ಇಸಿದುಕೊಂಡು ಮುಂದೆ ಹೋದ. ಅವನು ಏನೆಂದ ಎಂದು ವಂಜಿರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂರು ದಿನ ನನ್ನ ಕೆಲಸ ಅದೇ ಆಗಿತ್ತು. ನಾನು ಅವರ ದುಭಾಷಿ.

ಈ ಪ್ರಯಾಣದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಹಲವು ದೇಶಗಳ ಸಾಮಾನ್ಯ ಜನರನ್ನು ಚೀಟಿ ಎತ್ತಿ ಆರಿಸಿ, ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿ ಮಾತಾಡಿಸುವ ಒಂದು ಸಭೆ ನಡೆಯುವುದಿತ್ತು. ಅದರ ವಿಷಯ ಗಡಿ ದಾಟಿ ಹರಿಯುವ ನದಿಗಳು. ಮಂತ್ರಿಗಳು, ರಾಯಭಾರಿಗಳು ಅಲ್ಲಿರುವುದಿಲ್ಲ. ಜನ ಆಡಿಕೊಂಡು ಒಪ್ಪಿದ ಹೇಳಿಕೆಯನ್ನು ಆಮೇಲೆ ಸರ್ಕಾರಗಳ ಸಮ್ಮೇಳನವೊಂದರ ಮುಂದೆ ಇಡುತ್ತಾರಂತೆ. ಕಂಪ್ಯೂಟರು ಭೂಪಟದ ಮೇಲೆ ಇಟ್ಟ ಚುಕ್ಕಿಗಳಲ್ಲಿ ಒಂದು ಮಂಡ್ಯ ಜಿಲ್ಲೆಯ ಮೇಲೆ ಬಿದ್ದಿತ್ತು. ಬೆಂಗಳೂರಿನ ಒಂದು ಸಂಸ್ಥೆಯವರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲೂಕುಗಳಿಂದ ಒಬ್ಬೊಬ್ಬರ ಹೆಸರು ಗೊತ್ತುಮಾಡಿದ್ದರು. ನಾವು ನಾಲ್ವರನ್ನೂ ಕಂಡು, ಒಪ್ಪಿಗೆ ಕೇಳಿ, ಕೊನೆಗೆ ನಾಗಮಂಗಲದಲ್ಲಿ ಅವರೊಳಗೆ ಒಬ್ಬರನ್ನು ಚೀಟಿ ಎತ್ತಿ ಆರಿಸಬೇಕಿತ್ತು. ಚೀಟಿ ನ್ಯಾಯವಾಗಿ ಬಿತ್ತು ಎಂದು ಸಹಿ ಹಾಕಲು ಸಭೆಯವರು ಕಳಿಸಿದ ವೀಕ್ಷಕಿ ವಂಜಿರು.

ನಾನು ಕೋರ್ಟಿನ ಪತ್ರ, ಔಷಧಿ ಡಬ್ಬಿಯೊಳಗಿನ ಸೂಚನೆ, ಬ್ಯಾಂಕಿನ ಷರತ್ತು ಇವನ್ನೆಲ್ಲ ಕನ್ನಡಕ್ಕೆ ತಂದು ಬದುಕುವವಳು. ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಮೊದಲು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಕೊನೆಯ ಒಬ್ಬರನ್ನು ಚೀಟಿ ಆರಿಸುತ್ತದೆ, ಸರಿ; ಮೊದಲ ನಾಲ್ವರನ್ನು ಯಾರು ಆರಿಸಿದರು ಎಂದು ಬಸ್ಸಿನಲ್ಲೇ ವಂಜಿರು ಅವರನ್ನು ಕೇಳಿದೆ. ತಮಗೂ ಗೊತ್ತಿಲ್ಲ, ಅದನ್ನು ನೋಡಲೆಂದೇ ಕಾರಿನಲ್ಲಿ ಬರದೆ ಬಸ್ಸಿನಲ್ಲಿ ಹೊರಟಿದ್ದೇನೆ ಎಂದರು. ಸಂಸ್ಥೆಯ ಕಾರು ಹತ್ತಿದರೆ ಸಂಸ್ಥೆ ತೋರಿಸಿದ್ದನ್ನೇ ನೋಡಬೇಕಾಗುತ್ತದೆ ಎಂಬುದು ಅವರ ಮಾತು. ಆ ಮಾತಿನಿಂದ ನನಗೆ ಅವರ ಮೇಲೆ ಸ್ವಲ್ಪ ನಂಬಿಕೆ ಬಂತು. ಅವರನ್ನು ಕಳಿಸಿದವರ ಮೇಲೆ ಬರಲಿಲ್ಲ.

ಮಾರ್ಚ್ ತಿಂಗಳ ಆರಂಭ. ಬೆಳಿಗ್ಗೆಯೇ ಬಿಸಿಲು ಚುರುಕಾಗಿತ್ತು. ಶ್ರೀರಂಗಪಟ್ಟಣದಲ್ಲಿ ಇಳಿದು ಗಂಜಾಂ ಕಡೆಗೆ ಆಟೋ ಹಿಡಿದೆವು. ಪಟ್ಟಿಯ ಮೊದಲ ಹೆಸರು ಅಫ್ಸರ್ ಪಾಷಾ, ಐವತ್ತರ ಆಸುಪಾಸಿನವರು. ರಸ್ತೆ ಬದಿಯಲ್ಲಿ ಸೈಕಲ್ ಮತ್ತು ಪಂಪ್‌ಸೆಟ್ ರಿಪೇರಿ ಅಂಗಡಿ. ಟೀ ತರಿಸಿ, ಕುರ್ಚಿ ಒರೆಸಿ ಕೂರಿಸಿದರು. ನಾನು ಸಭೆಯ ವಿಷಯ ಹೇಳುವಷ್ಟು ಹೊತ್ತೂ ಸ್ಪ್ಯಾನರನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಕೇಳಿದರು. ತಮ್ಮ ಹೆಸರನ್ನು ಕೊಟ್ಟವರು ಯಾರು ಎಂದು ವಿಚಾರಿಸಿದರು. ಯಾರೋ ಇಬ್ಬರು ಹುಡುಗರು ಬಂದು ಸರ್ವೆ ಎಂದು ಹೇಳಿ ಹೆಸರು, ವಯಸ್ಸು ಬರೆದುಕೊಂಡು ಹೋದದ್ದು ಅವರಿಗೆ ನೆನಪಿತ್ತು. ಯಾವ ಸರ್ವೆ ಎಂದು ಅವರು ಹೇಳಿರಲಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದರು ಕೊನೆಗೆ. "ಅಣ್ಣ ದುಬೈಯಿಂದ ಫೋನು ಮಾಡ್ತಾನೆ ಅಂತಾನೇ ಪೊಲೀಸ್ನೋರು ಒಂದ್ಸಲ ಬಂದು ವಿಚಾರಿಸ್ಕೊಂಡು ಹೋಗವ್ರೆ. ಇನ್ನು ಹತ್ತು ದೇಶದೋರ ಜೊತೆ ಕೂತು ನೀರಿನ ಮಾತು ಆಡುದ್ರೆ, ಆಡಿದ್ದು ಏನು ಅಂತ ಯಾರೂ ಕೇಳಲ್ಲ. ಅಫ್ಸರ್ ಆಡ್ದ ಅಂತಾರೆ, ಅಷ್ಟೇ. ನಂಗೆ ಈ ತಕಲೀಫು ಬೇಡ."

ವಂಜಿರು ಒತ್ತಾಯ ಮಾಡಲಿಲ್ಲ. ತಮ್ಮ ದೇಶದಲ್ಲೂ ಇಂಥ ಉತ್ತರ ಕೊಡುವವರು ಇದ್ದಾರೆ ಎಂದು ಅವರಿಗೆ ಹೇಳಿ ಎಂದರು. ಹೇಳಿದೆ. ಅಫ್ಸರ್ ನಕ್ಕು, ಟೀಗೆ ದುಡ್ಡು ತೆಗೆದುಕೊಳ್ಳದೆ ಬೀಳ್ಕೊಟ್ಟರು. ಎಲ್ಲರ ಸಭೆ ಎನ್ನುತ್ತಾರೆ, ಆದರೆ ಅದಕ್ಕೆ ಬರಲು ಮೊದಲು ಹೆದರಿಕೆ ಇಲ್ಲದವರಾಗಿರಬೇಕು ಅನ್ನಿಸಿತು ನನಗೆ. ಈ ಮಾತನ್ನು ನಾನು ಯಾರಿಗೂ ಅನುವಾದಿಸಲಿಲ್ಲ.

ಅಲ್ಲಿಂದ ಪಾಂಡವಪುರಕ್ಕೆ ಅರ್ಧ ಗಂಟೆಯ ದಾರಿ. ಮಧ್ಯಾಹ್ನದ ಬಸ್ಸಿನಲ್ಲಿ ಕಾಲೇಜು ಬಿಟ್ಟ ಹುಡುಗಿಯರು ತುಂಬಿದ್ದರು. ಒಬ್ಬಳು ವಂಜಿರು ಅವರ ಹೆಣೆದ ಕೂದಲನ್ನು ಮುಟ್ಟಬಹುದೇ ಎಂದು ಕೇಳಿ ಮುಟ್ಟಿ ನೋಡಿದಳು. ಪಾಂಡವಪುರದಿಂದ ಇನ್ನೊಂದು ಆಟೋದಲ್ಲಿ ಕಾಲುವೆ ಪಕ್ಕದ ಒಂದು ಹಳ್ಳಿಗೆ ಹೋದೆವು. ಕಾಲುವೆಯಲ್ಲಿ ನೀರಿರಲಿಲ್ಲ. ಈಗ ಕಟ್ಟು ಪದ್ಧತಿ, ಅಂದರೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮ ಎಂದು ಆಟೋದವನು ವಿವರಿಸಿದ.

ಅಲ್ಲಿ ಜಯಮ್ಮ ಇದ್ದರು. ನಾಲ್ಕು ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾರೆ. ಗಂಡ ಪಾಂಡವಪುರದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಊಟದ ಹೊತ್ತಾಗಿತ್ತು. ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ವಂಜಿರು ಮುದ್ದೆಯನ್ನು ಮುರಿದು, ಬೆರಳಿನಿಂದ ಗುಳಿ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ ರೀತಿ ನೋಡಿ ಜಯಮ್ಮನಿಗೆ ಆಶ್ಚರ್ಯವಾಯಿತು. ನಮ್ಮಲ್ಲಿ ಮುಸುಕಿನ ಜೋಳದ ಹಿಟ್ಟಿನದು ಮಾಡುತ್ತೇವೆ, ಆದರೆ ನಾವು ಅಗಿಯುತ್ತೇವೆ ಎಂದರು ವಂಜಿರು. ಇಲ್ಲಿ ಅಗಿಯುವಂತಿಲ್ಲ, ನುಂಗಬೇಕು ಎಂದು ಜಯಮ್ಮ ಹೇಳಿಕೊಟ್ಟರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ನದಿಯ ಮಾತು ಬಂದದ್ದೇ ತಡ, ಜಗಲಿಯ ಮೇಲೆ ಕೂತಿದ್ದ ಜಯಮ್ಮನ ಭಾವ ಒಳಗೆ ಬಂದರು. ಯಾವ ನದಿ, ಯಾವ ದೇಶ, ನದಿಯ ಕೆಳಗಿನವರು ಅಂದರೆ ಯಾರು ಎಂದು ಒಂದೊಂದಾಗಿ ಕೇಳಿದರು. ನಾನು ದೇಶಗಳ ನಡುವಿನ ನದಿಗಳು ಎಂದರೆ ಅವರು ರಾಜ್ಯಗಳ ನಡುವಿನದು ಎಂದೇ ತಿಳಿದರು. ಕೋರ್ಟಿನಲ್ಲಿ ಆಗದ್ದನ್ನು ಹೀಗೆ ಸುತ್ತುಹಾಕಿ ಮಾಡಿಸುತ್ತಿದ್ದಾರೆ ಎಂಬುದು ಅವರ ತೀರ್ಮಾನ. ನಾಳೆ ಯಾರೋ ಒಬ್ಬ ವಕೀಲ ಎದ್ದುನಿಂತು, ಮಂಡ್ಯದವರೇ ನೀರು ಹಂಚಿಕೊಳ್ಳಲು ಒಪ್ಪಿದ್ದಾರೆ, ಇಗೋ ಕಾಗದ ಎಂದರೆ ಏನು ಮಾಡುವುದು? ಪ್ರಶ್ನೆಯನ್ನು ವಂಜಿರು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಹಾಗೆ ಆಗುವುದಿಲ್ಲ ಎಂದು ತಾನು ಮಾತು ಕೊಡಲಾರೆ, ಹೇಳಿಕೆ ಪ್ರಕಟವಾದ ಮೇಲೆ ಯಾರು ಬೇಕಾದರೂ ಅದನ್ನು ಬಳಸಬಹುದು ಎಂದರು. ಅದನ್ನೂ ಕನ್ನಡದಲ್ಲಿ ಹೇಳಿದೆ. ಭಾವ ತಲೆ ಅಲ್ಲಾಡಿಸಿ ಹೊರಗೆ ಹೋದರು.

ಜಯಮ್ಮ ನಮ್ಮನ್ನು ಕೊಟ್ಟಿಗೆ ಕಡೆಗೆ ಕರೆದುಕೊಂಡು ಹೋದರು. "ನೋಡಕ್ಕ, ನಾನು ಬತ್ತೀನಿ. ಇವ್ರು ಮಾತು ಕೊಡಕ್ಕಾಗಲ್ಲ ಅಂತ ಇದ್ದಂಗೇ ಏಳುದ್ರಲ್ಲ, ಅದ್ಕೆ. ಆದ್ರೆ ನೀರು ಬುಡ್ತೀವಿ ಅಂತ ನನ್ ಬಾಯಲ್ಲಿ ಏಳಿಸ್ಬಾರ್ದು. ಏಳುಸುದ್ರೆ ನಾನು ಊರಿಗೆ ಮಕ ತೋರ್ಸಂಗಿಲ್ಲ."

ಸಂಜೆ ಚಿನಕುರಳಿ ಮೇಲೆ ಕೆ.ಆರ್.ಪೇಟೆಗೆ ಹೊರಟೆವು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದುದರಿಂದ ಬಸ್ಸು ಅವುಗಳ ಹಿಂದೆ ತೆವಳಿತು. ಬೂಕನಕೆರೆ ಹತ್ತಿರ ಯಾವುದೋ ಆಲೆಮನೆಯ ಬೆಲ್ಲದ ವಾಸನೆ ಬಂದು ಬಸ್ಸಿನವರೆಲ್ಲ ಒಮ್ಮೆ ಕಿಟಕಿಯ ಕಡೆ ತಿರುಗಿದರು. ಕೆ.ಆರ್.ಪೇಟೆಯ ಲಾಡ್ಜಿನವನು ವಿದೇಶಿಯರಿಗೆ ಕೋಣೆ ಕೊಡಬೇಕಾದರೆ ಬೇರೆ ಫಾರಂ ತುಂಬಬೇಕು, ಫಾರಂ ಇಲ್ಲ ಎಂದ. ಬೆಂಗಳೂರಿನ ಸಂಸ್ಥೆಯ ಸಂಯೋಜಕ ಪ್ರಶಾಂತ್ ಎಂಬಾತನಿಗೆ ಫೋನು ಮಾಡಿದೆ. ಅವನು ಲಾಡ್ಜಿನವನ ಜೊತೆ ಮಾತಾಡಿ ಸರಿಮಾಡಿದ. ಆಮೇಲೆ ನನಗೆ, "ಮೇಡಂ, ನಾಗಮಂಗಲದಲ್ಲಿ ಪುಟ್ಟಸ್ವಾಮಾಚಾರ್ ಕೆಲಸ ಮಾಡುವಾಗ ಒಂದು ಒಳ್ಳೇ ಫೋಟೋ ತೆಗೀರಿ, ಕುಲುಮೆಯ ಬೆಂಕಿ ಮುಖದ ಮೇಲೆ ಬರೋ ಹಾಗೆ," ಎಂದ. ಅದು ಪಟ್ಟಿಯ ಕೊನೆಯ ಹೆಸರು. ಉಳಿದವರದು ಬೇಡವೇ ಎಂದೆ. ಉಳಿದವರದು ಆಮೇಲೆ ನೋಡೋಣ ಎಂದ.

ಚೀಟಿ ಎತ್ತುವ ಮೊದಲೇ ಒಬ್ಬರ ಫೋಟೋ ಏಕೆ ಬೇಕು? ವಂಜಿರು ಅವರಿಗೆ ಹೇಳಿದೆ. ಅವರು ಅದನ್ನು ಬರೆದುಕೊಂಡರು. ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು, ಫ್ಯಾನು ಸದ್ದುಮಾಡುವ ಕೋಣೆಯಲ್ಲಿ ಮಲಗಿದೆವು.

ಮಾರನೆಯ ದಿನ ಸಂತೆಬಾಚಹಳ್ಳಿಗೆ ಹೋದೆವು. ಕೆ.ಆರ್.ಪೇಟೆಯಿಂದ ಹೋಗುವ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ನಾವು ಕಾಣಬೇಕಾಗಿದ್ದ ನಂಜೇಗೌಡರು ಬಸ್ ಸ್ಟಾಪಿನ ಟೀ ಅಂಗಡಿಯಲ್ಲೇ ಕಾಯುತ್ತಿದ್ದರು. ಅರವತ್ತು ದಾಟಿದ ದೊಡ್ಡ ಆಳು, ಬಿಳಿ ಪಂಚೆ, ಗಟ್ಟಿ ಧ್ವನಿ. ತೆಂಗು, ಭತ್ತ, ಟ್ರ್ಯಾಕ್ಟರು, ಎಲ್ಲ ಇರುವ ಮನೆ. ಹಿಂದೆ ಪಂಚಾಯಿತಿ ಮೆಂಬರಾಗಿದ್ದವರು. ಕಾವೇರಿ ಗಲಾಟೆಯ ಕಾಲದಲ್ಲಿ ಹೆದ್ದಾರಿಯಲ್ಲಿ ಕೂತಿದ್ದನ್ನು ನಾವು ಕೇಳುವ ಮೊದಲೇ ಹೇಳಿದರು. ಸುತ್ತ ಎಂಟು ಹತ್ತು ಗಂಡಸರು ನಿಂತು ಕೇಳುತ್ತಿದ್ದರು. ಪಾಂಡವಪುರದಲ್ಲಿ ಎದ್ದ ಅನುಮಾನಗಳೇ ಇಲ್ಲೂ ಎದ್ದವು, ಜೊತೆಗೆ ಇನ್ನೂ ಕೆಲವು. ಬ್ಯಾಂಕಿನ ನಂಬರು ಕೇಳುತ್ತೀರಾ, ಪಹಣಿ ಬೇಕಾ, ಮತಕ್ಕೆ ಸೇರಿಸುತ್ತೀರಾ ಎಂದು ಒಬ್ಬ ಕೇಳಿದ. ಇನ್ನೊಬ್ಬ ಇದು ಬಿತ್ತನೆ ಬೀಜದ ಕಂಪನಿಯದು, ನೀರು ಬರೀ ನೆಪ ಎಂದ.

ನಂಜೇಗೌಡರು ಅವರನ್ನೆಲ್ಲ ಕೈಯೆತ್ತಿ ನಿಲ್ಲಿಸಿದರು. "ಸುಮ್ನಿರ್ರಲಾ. ನಾನು ಬತ್ತೀನಿ, ಬರ್ಕಳಿ," ಎಂದರು ನನಗೆ. "ಹೈವೇಲಿ ಕೂತು ಗಂಟ್ಲು ಅರಿಯಂಗೆ ಕೂಗಿದ್ದೀವಿ, ಡೆಲ್ಲಿಗೇ ಕೇಳಿಸ್ನಿಲ್ಲ. ಅದ್ಕಿಂತ ಆಚೆಗೆ ಯಾರಿಗೆ ಕೇಳಿಸ್ತದೆ? ಅದೆಲ್ಲಾ ಗೊತ್ತು ನಂಗೆ. ಆದ್ರೆ ನಾವು ಓಗ್ದೆ ಇದ್ರೆ ನಮ್ ಪರವಾಗಿ ಇನ್ಯಾವನೋ ಓಗಿ ಮಾತಾಡ್ತಾನೆ. ಅದು ಬ್ಯಾಡ."

ಇಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಹಿಡಿಸಲಿಲ್ಲ. ಮಾತಾಡಲು ಎಲ್ಲಿ ಜಾಗ ಸಿಕ್ಕರೂ ಬಿಡದ ಮನುಷ್ಯ ಅನ್ನಿಸಿತು. ಚುನಾವಣೆಗೇನಾದರೂ ನಿಲ್ಲುವ ಯೋಚನೆ ಇದೆಯೇ ಎಂದು ವಂಜಿರು ನನ್ನಿಂದ ಕೇಳಿಸಿದರು. ಇದೆ, ಏನು ತಪ್ಪು ಎಂದರು ಗೌಡರು. ಮಧ್ಯಾಹ್ನ ಅವರ ಮನೆಯಲ್ಲಿ ಊಟ ಮಾಡಿ, ತೆಂಗಿನ ತೋಟದ ನೆರಳಿನಲ್ಲಿ ಬಿಸಿಲು ತಗ್ಗುವವರೆಗೆ ಕೂತು, ಆ ಸಂಜೆಯೇ ನಾಗಮಂಗಲಕ್ಕೆ ಹೋದೆವು. ದಾರಿಯುದ್ದಕ್ಕೂ ಹಸಿರು ಕಡಿಮೆಯಾಗುತ್ತ ಬಂದು, ಕೊನೆಗೆ ಕಲ್ಲುಬಂಡೆ, ಹುರುಳಿ ಹೊಲ, ಒಣಗಿದ ಕೆರೆಯಂಗಳಗಳು ಕಂಡವು. ಒಂದೇ ಜಿಲ್ಲೆ ಎಂದು ವಂಜಿರು ನಂಬಲಿಲ್ಲ. ಎರಡು ಸಲ ಕೇಳಿದರು.

ನಾಗಮಂಗಲದ ಪುಟ್ಟಸ್ವಾಮಾಚಾರ್ ಅವರನ್ನು ಮೂರನೆಯ ದಿನ ಬೆಳಿಗ್ಗೆ ಕಂಡೆವು. ಅವರ ಮನೆತನ ಹಿಂದೆ ಲೋಹದ ವಿಗ್ರಹ, ಗಂಟೆ ಎರಕ ಹೊಯ್ಯುತ್ತಿತ್ತು. ಈಗ ಅವರು ಗೇಟು, ಕಿಟಕಿ ಸರಳುಗಳ ಬೆಸುಗೆ ಕೆಲಸ ಮಾಡುತ್ತಾರೆ. ತೆಳ್ಳಗಿನ ದೇಹ, ನರೆತ ಗಡ್ಡ, ಮೆಲುಮಾತು. ಕುಲುಮೆ ಹೊತ್ತಿಸುವುದೇ ಅಪರೂಪವಂತೆ. ಫೋಟೋಗೆ ಈ ಮುಖವೇ ಬೇಕಿತ್ತು ಎಂದು ನನಗೆ ಆಗ ಅರ್ಥವಾಯಿತು. ನಾನು ಫೋಟೋ ತೆಗೆಯಲಿಲ್ಲ. ನೀರಿನ ವಿಷಯ ಕೇಳಿದಾಗ ಅವರು ಕೋಪವಿಲ್ಲದೆ ಹೇಳಿದರು: "ಕಾವೇರಿ ನಮ್ದು ಅಂತ ಕೂಗೋವಾಗ ನಾಗಮಂಗ್ಲದೋರೂ ಬೇಕು. ಅಂಚೋವಾಗ ಬ್ಯಾಡ. ನಾನು ಅಲ್ಲೋಗಿ ಏನ್ ಏಳ್ಲಿ, ಯಾರ್ ಮೇಲೆ ಏಳ್ಲಿ?" ಆದರೂ ಬರುವುದಕ್ಕೆ ಒಪ್ಪಿದರು.

ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಸಮುದಾಯ ಭವನದ ಪಕ್ಕದ ಕೋಣೆಯನ್ನು ಸಂಸ್ಥೆಯವರು ಗೊತ್ತುಮಾಡಿದ್ದರು. ಹನ್ನೊಂದರ ಹೊತ್ತಿಗೆ ಜಯಮ್ಮ ಒಬ್ಬರೇ ಬಸ್ಸಿನಲ್ಲಿ ಬಂದರು. ನಂಜೇಗೌಡರು ಊರಿನ ಇಬ್ಬರನ್ನು ಬೈಕಿನಲ್ಲಿ ಕರೆದುಕೊಂಡು ಬಂದರು. ಆಚಾರ್ಯರು ಮನೆಯಿಂದ ಹಿತ್ತಾಳೆ ಚೊಂಬು ತಂದಿದ್ದರು. ಅಫ್ಸರ್ ಪಾಷಾ ಒಲ್ಲೆ ಎಂದದ್ದನ್ನು ವಂಜಿರು ಎಲ್ಲರಿಗೂ ತಿಳಿಸಿ, ಉಳಿದ ಮೂವರ ಹೆಸರನ್ನು ಒಂದೇ ಅಳತೆಯ ಚೀಟಿಗಳಲ್ಲಿ ಬರೆಸಿ, ಮೂವರಿಗೂ ತೋರಿಸಿ ಚೊಂಬಿಗೆ ಹಾಕಿದರು. ಪ್ರಶಾಂತ್ ಬೆಂಗಳೂರಿನಿಂದ ಫೋನಿನಲ್ಲಿ ಕೇಳುತ್ತಿದ್ದ. ಬಾಗಿಲ ಹೊರಗೆ ಹೂ ಮಾರುತ್ತಿದ್ದ ಹೆಂಗಸನ್ನು ಕರೆದು ಚೀಟಿ ಎತ್ತಿಸಿದೆವು. ಆಕೆಗೆ ಓದಲು ಬರುತ್ತಿರಲಿಲ್ಲ. ನಾನು ಬಿಚ್ಚಿ ಓದಿದೆ. ನಂಜೇಗೌಡ.

ಗೌಡರ ಊರಿನವರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಪ್ರಶಾಂತ್ ಫೋನಿನ ಸ್ಪೀಕರ್ ಆಫ್ ಮಾಡಲು ಹೇಳಿದ. ನಾನು ಫೋನನ್ನು ಕಿವಿಗೆ ಹಿಡಿದೆ. ನಾಲ್ಕು ಹೆಸರು ಇರಬೇಕಿತ್ತು, ಮೂರೇ ಇದ್ದುದರಿಂದ ಚೀಟಿ ಊರ್ಜಿತವಾಗುವುದಿಲ್ಲ ಎಂದ. ಹಾಗಾದರೆ ಎತ್ತುವ ಮೊದಲೇ ಏಕೆ ಹೇಳಲಿಲ್ಲ ಎಂದೆ. ಅವನು ತಡವರಿಸಿದ. ಆಮೇಲೆ ನಿಜ ಹೇಳಿದ. ಗೌಡರು ಚಳವಳಿಯವರು, ಜಮೀನಿರುವವರು, ಪರದೆಯ ಮೇಲೆ ಜಗಳ ಮಾಡುತ್ತಾರೆ. ಸಭೆಗೆ ಬೇಕಾದದ್ದು ಸಾಮಾನ್ಯ ಧ್ವನಿ. ಆಚಾರ್ಯರ ಕಥೆ ಈಗಾಗಲೇ ಮೇಲಿನವರಿಗೆ ಹೋಗಿದೆ. "ಇದನ್ನ ಅವರಿಗೆ ಕನ್ನಡದಲ್ಲಿ ಹೇಳೋದು ಬೇಡ ಮೇಡಂ. ತಾಂತ್ರಿಕ ಕಾರಣಕ್ಕೆ ಇನ್ನೊಂದ್ಸಲ ಎತ್ತುತೀವಿ ಅನ್ನಿ, ಸಾಕು."

ಕೋಣೆಯಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ನನಗೆ ಆ ಸಭೆಯ ಮುಂದಿನ ವಾರಗಳ ಕೆಲಸ ಬೇಕಿತ್ತು. ಅದೂ ಅವನ ಕೈಯಲ್ಲಿತ್ತು. ಒಂದು ಗಳಿಗೆ ತಾಂತ್ರಿಕ ಎಂಬ ಪದ ನಾಲಗೆಯ ತುದಿಗೆ ಬಂದಿತ್ತು. ಎದುರಿಗೆ ಜಯಮ್ಮ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಕಾಯುತ್ತಿದ್ದರು. ನಾನು ಮತ್ತೆ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟು, ಅವನು ಹೇಳಿದ್ದನ್ನು ಮೊದಲು ಇಂಗ್ಲಿಷಿನಲ್ಲಿ ವಂಜಿರು ಅವರಿಗೆ, ಆಮೇಲೆ ಕನ್ನಡದಲ್ಲಿ ಎಲ್ಲರಿಗೂ ಹೇಳಿದೆ. ಕನ್ನಡದಲ್ಲಿ ಹೇಳಬೇಡ ಎಂದದ್ದನ್ನೂ ಬಿಡಲಿಲ್ಲ.

ನಂಜೇಗೌಡರು ಪಂಚೆ ಕೊಡವಿ ಎದ್ದರು. ಇದೆಲ್ಲ ಹೀಗೇ ಎಂದು ತನಗೆ ಗೊತ್ತಿತ್ತು, ಬೇಕಾದವರನ್ನು ಕಳಿಸಿಕೊಳ್ಳಲಿ ಎಂದು ಬಾಗಿಲ ಕಡೆ ನಡೆದರು. ಅವರನ್ನು ತಡೆದದ್ದು ಜಯಮ್ಮ.

"ಕೂತ್ಕಳಿ ಗೌಡ್ರೆ," ಎಂದರು. ಆಮೇಲೆ ನನಗೆ ಹೇಳಿದರು. "ನಂಗೆ ಇವ್ರ ಮಾತು ಇಡಿಸಲ್ಲ ಕಣಕ್ಕ. ಬಂದಾಗಿಂದ ಅವ್ರೊಬ್ರೇ ಮಾತಾಡ್ತಾವ್ರೆ. ಆದ್ರೆ ಚೀಟಿ ಇವ್ರಿಗೆ ಬಂದದೆ. ನಮ್ಮೂರಲ್ಲಿ ನೀರಿನ ಸರದಿಗೆ ಚೀಟಿ ಎತ್ತುದ್ರೆ, ಆಗ್ದೋರಿಗೆ ಬಂತು ಅಂತ ಯಾರೂ ತಿರ್ಗಾ ಎತ್ಸಲ್ಲ. ಎತ್ಸುದ್ರೆ ಆವತ್ತೇ ದೊಣ್ಣೆ ಎತ್ತು‌ತಾರೆ."

ಪುಟ್ಟಸ್ವಾಮಾಚಾರ್ ಚೊಂಬನ್ನು ತಮ್ಮ ಕಡೆ ಎಳೆದುಕೊಂಡು, ಒಳಗೆ ಉಳಿದಿದ್ದ ಎರಡು ಚೀಟಿಗಳಲ್ಲಿ ತಮ್ಮದನ್ನು ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡರು. ತಮ್ಮ ಕಥೆಯನ್ನು ತಾವು ಹೇಳುವ ಮೊದಲೇ ಮೇಲಿನವರಿಗೆ ಹೇಳಿದವರು ಯಾರು ಎಂದು ಕೇಳಿದರು. ಇನ್ನೊಮ್ಮೆ ಎತ್ತುವುದಾದರೆ ತಮ್ಮ ಹೆಸರಿಲ್ಲದೆ ಎತ್ತಿ ಎಂದರು.

ವಂಜಿರು ಅಷ್ಟು ಹೊತ್ತೂ ಕೈಕಟ್ಟಿ ಕೂತಿದ್ದರು. ಫೋನಿನ ಹತ್ತಿರ ಬಾಗಿ ಮೆಲ್ಲಗೆ ಮಾತಾಡಿದರು. ನಮ್ಮ ಊರಿನ ಮತಗಟ್ಟೆಗಳಲ್ಲಿ ವರ್ಷಗಟ್ಟಲೆ ಕೂತು ನೋಡಿದ್ದೇನೆ, ಕಾರಣವನ್ನು ಮುಚ್ಚಿಟ್ಟು ಇನ್ನೊಂದು ಸಲ ಎಣಿಸೋಣ ಎನ್ನುವವರು ಮೊದಲ ಸಲ ಸೋತವರೇ ಆಗಿರುತ್ತಾರೆ. ಈ ಚೀಟಿಗೆ ಸಹಿ ಹಾಕುತ್ತಿದ್ದೇನೆ. ಎರಡನೆಯದು ಎತ್ತಿದರೆ ಅದಕ್ಕೆ ಸಹಿ ಹಾಕುವುದಿಲ್ಲ, ಏಕೆ ಹಾಕಲಿಲ್ಲ ಎಂಬುದನ್ನು ಎಲ್ಲ ದೇಶದ ವೀಕ್ಷಕರಿಗೂ ತಿಳಿಸುತ್ತೇನೆ ಎಂದರು. ಪ್ರಶಾಂತ್ ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಫೋನಿಟ್ಟ. ನಾವು ಕಾದೆವು. ಆಚಾರ್ಯರು ಎಲ್ಲರಿಗೂ ಮಜ್ಜಿಗೆ ತರಿಸಿದರು. ಬಹಳ ಹೊತ್ತಿನ ಮೇಲೆ ಅವನ ಒಂದು ಸಾಲಿನ ಸಂದೇಶ ಬಂತು. ಗೌಡರೇ ಇರಲಿ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಂಜೇಗೌಡರು ಮುಗಿಸಲಿಲ್ಲ. ಅವರು ಈಗ ನನ್ನ ಕಡೆ ತಿರುಗಿದರು. "ಅವ್ನು ಮುಚ್ಚಿಟ್ಟಿದ್ದನ್ನ ನೀವು ಏಳುದ್ರಿ, ಸಂತೋಸ. ಆದ್ರೆ ನಾನು ಏಳಿದ್ದನ್ನ ಅಲ್ಲಿ ಸರಿಯಾಗಿ ಏಳ್ತೀರ ಅಂತ ನಾನ್ಯಾಕೆ ನಂಬ್ಲಿ ಕಣಮ್ಮ?"

ನನಗೆ ಮುಖಕ್ಕೆ ಹೊಡೆದಂತಾಯಿತು. ಅವರಿಗಾಗಿ ಈಗಷ್ಟೇ ನನ್ನ ಕೆಲಸವನ್ನು ಪಣಕ್ಕಿಟ್ಟಿದ್ದೆ. ಗೌಡರು ಸೊಸೆಗೆ ಫೋನು ಮಾಡಿದರು. ಸೌಮ್ಯ ಎಂಬ ಆ ಹುಡುಗಿ ಕೆ.ಆರ್.ಪೇಟೆಯಲ್ಲಿ ಇಂಗ್ಲಿಷ್ ಟೀಚರು. ಆಕೆ ಕೇಳುತ್ತಿರುವಂತೆ ಗೌಡರು ವಂಜಿರು ಅವರ ಮುಂದೆ ನಿಂತು, ನಿಮ್ಮ ಸಭೆಯ ಮೇಲೆ ನನಗೆ ನಂಬಿಕೆ ಇಲ್ಲ, ಆದರೂ ಬರುತ್ತೇನೆ ಎಂದರು. ನಾನು ಇಂಗ್ಲಿಷಿಗೆ ಹಾಕಿದೆ. ಸೌಮ್ಯ ಫೋನಿನಲ್ಲೇ, ಮೆಲ್ಲಗೆ, "ಮಾವ, ಅವರು ಸ್ವಲ್ಪ ಅನುಮಾನ ಇದೆ ಅಂದ್ರು. ನೀವು ನಂಬಿಕೆ ಇಲ್ಲ ಅಂದ್ರಲ್ವಾ," ಎಂದಳು.

ಅವಳು ಹೇಳಿದ್ದು ಸರಿಯಿತ್ತು. ಅತಿಥಿಯ ಮನಸ್ಸು ನೋಯಬಾರದು ಎಂದು, ನನಗೇ ತಿಳಿಯದ ಹಾಗೆ ಮಾತನ್ನು ಮೆದುಮಾಡಿದ್ದೆ. ಮೂರು ದಿನದಿಂದ ಎಲ್ಲರನ್ನೂ ಶಂಕಿಸುತ್ತ ಬಂದವಳು ನನ್ನ ಬಾಯಿಯನ್ನು ಮಾತ್ರ ಶಂಕಿಸಿರಲಿಲ್ಲ. ವಂಜಿರು ಅವರಿಗೆ ಮತ್ತೆ ಸರಿಯಾಗಿ ಹೇಳಿದೆ. ಅವರು, ತಮಗೂ ಆ ಸಭೆಯ ಮೇಲೆ ಪೂರ್ತಿ ನಂಬಿಕೆ ಇಲ್ಲ ಎಂದು ಗೌಡರಿಗೆ ತಿಳಿಸಲು ಹೇಳಿದರು. ಸಭೆ ನಡೆಯುವಾಗ ಸೌಮ್ಯ ಪಕ್ಕದಲ್ಲಿ ಕೂತು ನನ್ನ ಅನುವಾದವನ್ನು ಕೇಳಿಸಿಕೊಳ್ಳುವುದು ಎಂದು ಅಲ್ಲೇ ತೀರ್ಮಾನವಾಯಿತು.

ಸಂಜೆ ನಾಗಮಂಗಲದಿಂದ ಮೈಸೂರಿನ ಬಸ್ಸು ಹಿಡಿದೆವು. ಜಯಮ್ಮ ಪಾಂಡವಪುರದವರೆಗೆ ನಮ್ಮ ಜೊತೆಗಿದ್ದರು. ಭಾವನಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ತನ್ನ ಹೆಸರು ಬರಲಿಲ್ಲ ಎಂದಷ್ಟೇ ಹೇಳುತ್ತೇನೆ, ಉಳಿದದ್ದು ಹೇಳಿದರೆ ಗೌಡರ ಪರ ಮಾತಾಡಿದೆ ಎಂದು ಬೈಯುತ್ತಾರೆ ಎಂದು ನಕ್ಕರು. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಸ್ಸು ನಿಧಾನವಾದಾಗ ವಂಜಿರು ಎದ್ದು ನಿಂತು ನದಿ ನೋಡಿದರು. ಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುತ್ತಿತ್ತು. ಇಷ್ಟಕ್ಕೇನಾ ಎಂದರು. ಇಷ್ಟಕ್ಕೇ ಎಂದೆ. ಮಾರನೆಯ ದಿನ ಅವರು ವಿಮಾನ ಹತ್ತಿದರು.

ಆಮೇಲೆ ಏನಾಯಿತು ಎಂದು ಕೇಳುವವರಿಗಾಗಿ ಇಷ್ಟು ಹೇಳಬೇಕು. ಸಭೆ ಕೆಲವು ವಾರ ನಡೆಯಿತು. ಪ್ರಶಾಂತ್ ನನ್ನನ್ನು ಬದಲಾಯಿಸಲು ನೋಡಿದ, ಗೌಡರು ಬಿಡಲಿಲ್ಲ. ಪರದೆಯ ಮೇಲೆ, ಬೇರೆ ದೇಶದ ನದಿಯೊಂದರ ಕೊನೆಯಲ್ಲಿ ಮೀನು ಹಿಡಿಯುವ ಹೆಂಗಸೊಬ್ಬಳು ಗೌಡರನ್ನು, ನಿಮ್ಮ ಅಣೆಕಟ್ಟೆಯಲ್ಲಿ ನೀರಿಲ್ಲ ಎಂಬುದು ನನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದಳು. ಗೌಡರು ಸಿಟ್ಟಾಗಿ ಎದ್ದುಹೋದರು. ಮುಂದಿನ ಸಲ ಬಂದಾಗ ಒಂದು ಮಾತು ಯೋಚಿಸಿಕೊಂಡು ಬಂದಿದ್ದರು. ಆ ಹೆಂಗಸೂ ಅದಕ್ಕೆ ಒಪ್ಪಿದಳು. ಅದು ಹೇಳಿಕೆಯಲ್ಲಿ ಹೀಗೆ ಸೇರಿತು: ಬರದ ವರ್ಷದಲ್ಲಿ ಅಣೆಕಟ್ಟೆಯ ನೀರನ್ನು ನದಿಯ ಮೇಲಿನವರೂ ಕೆಳಗಿನವರೂ ಒಟ್ಟಿಗೆ ನಿಂತು ಅಳೆಯಬೇಕು, ಒಟ್ಟಿಗೆ ಅಳೆಯದ ನೀರನ್ನು ಬಿಡು ಎಂದು ಯಾರೂ ಯಾರನ್ನೂ ಬಲವಂತ ಮಾಡಬಾರದು.

ಸರ್ಕಾರಗಳ ಸಮ್ಮೇಳನದಲ್ಲಿ ಅದನ್ನು ಓದಿದರು. ಎಲ್ಲೋ ದೂರದ ಎರಡು ದೇಶಗಳು ತಮ್ಮ ನದಿಗಾಗಿ ವಾದ ಮಾಡುತ್ತಿದ್ದವು. ಕೆಳಗಿನ ದೇಶದ ಮಂತ್ರಿ, ಲೋಕದ ಜನರೇ ಹೀಗೆ ಹೇಳಿದ್ದಾರೆ ಎಂದು ಮೊದಲರ್ಧ ಓದಿದ. ಮೇಲಿನ ದೇಶದವನು ಎರಡನೆಯ ಅರ್ಧ ಓದಿದ. ಪೂರ್ತಿ ಓದಿದವರು ಯಾರೂ ಇಲ್ಲ ಎಂದು ವಂಜಿರು ನನಗೆ ಬರೆದು ತಿಳಿಸಿದರು. ಜಯಮ್ಮನ ಭಾವ ಹೆದರಿದ್ದು ಹೆಚ್ಚುಕಡಿಮೆ ನಿಜವಾಗಿತ್ತು, ಬೇರೆ ನದಿಯ ಮೇಲೆ.

ಒಂದು ಮಧ್ಯಾಹ್ನ ನಂಜೇಗೌಡರ ಫೋನು ಬಂತು. ಹಿಂದೆ ಟೀ ಅಂಗಡಿಯ ಗದ್ದಲ ಕೇಳಿಸುತ್ತಿತ್ತು. ಯಾರೋ ಅರ್ಧ ಸುದ್ದಿ ತಂದು, ನಂಜೇಗೌಡ ಕಾವೇರಿಯನ್ನು ಬಿಟ್ಟುಕೊಟ್ಟ ಎಂದು ಊರಲ್ಲೆಲ್ಲ ಹಬ್ಬಿಸಿದ್ದರಂತೆ. ನಾನು ಮಂತ್ರಿಗಳ ವಿಷಯ ಹೇಳಿದೆ.

"ಇಬ್ರೂ ಅರ್ಧರ್ಧಕ್ಕೆ ನಿಲ್ಸವ್ರಾ?"

"ಇಬ್ಬರೂ."

"ಅಂದ್ರೆ ಇಬ್ರಿಗೂ ನಮ್ ಮಾತು ಬೇಕಾಗದೆ," ಎಂದರು. ಹೆಮ್ಮೆಯೋ ಬೇಸರವೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ, ಯಾರದು ಫೋನು ಎಂದು ಕೇಳಿದ್ದು ಕೇಳಿಸಿತು. ನನ್ನ ಮಾತನ್ನು ಇಂಗ್ಲಿಷಿಗೆ ಹಾಕಿದವರು ಎಂದರು ಗೌಡರು. ತಡಿ, ನೀನೇ ಕೇಳು ಎಂದು ಫೋನನ್ನು ಅವನ ಕೈಗೆ ಕೊಟ್ಟರು. ಗುರುತಿಲ್ಲದ ಒಂದು ಗಡಸು ದನಿ ಬಂತು.

"ನಮ್ ಗೌಡ್ರು ಅಲ್ಲಿ ಏನಂದ್ರು, ಪೂರ್ತಿ ಏಳಿ. ಒಂದ್ ಮಾತೂ ಬುಡ್ಬ್ಯಾಡಿ."

ನಾನು ಹೇಳಿಕೆಯ ಕಾಗದ ತೆಗೆದು ಮೊದಲ ಸಾಲಿನಿಂದ ಓದತೊಡಗಿದೆ. ಆ ಕಡೆ ಯಾರೋ ಗದ್ದಲ ನಿಲ್ಲಿಸಿ ಎಂದು ಹೇಳಿದರು.